ಸಂಖ್ಯೆಯ ಫೈಲ್ ಓದಲು ಎಫ್‌ಸ್ಕ್ಯಾನ್‌ಎಫ್ ಒಂದೇ ಸಾಲದು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ಬರುತ್ತಿರುವ ಸಿ ಭಾಷೆಯ ಪಾಠಮಾಲೆಯಲ್ಲಿ, ಫೈಲಿನಿಂದ ಸಂಖ್ಯೆಗಳನ್ನು ಓದುವ ಕ್ರಮವನ್ನು ನಾಲ್ಕೇ ಮಾತಿನಲ್ಲಿ ಮುಗಿಸಲಾಗಿದೆ: ಫೈಲ್ ತೆರೆಯಿರಿ, ಎಫ್‌ಇಒಎಫ್ (ಫೈಲ್ ಮುಗಿಯಿತೇ ಎಂದು ಹೇಳುವ ಫಂಕ್ಷನ್) ‘ಮುಗಿಯಿತು’ ಎನ್ನುವವರೆಗೆ ಲೂಪ್ ಹಾಕಿ, ಒಳಗೆ ಎಫ್‌ಸ್ಕ್ಯಾನ್‌ಎಫ್ (ಫೈಲಿನಿಂದ ಬೆಲೆಗಳನ್ನು ಓದುವ ಫಂಕ್ಷನ್) ಕರೆಯಿರಿ, ಫೈಲ್ ಮುಚ್ಚಿ. ಪರೀಕ್ಷೆಯ ಉತ್ತರಪತ್ರಿಕೆಗೆ ಇಷ್ಟು ನಡೆದೀತು. ಆದರೆ ಉಪಕರಣಗಳಿಂದ, ಹಳೆಯ ಪ್ರೋಗ್ರಾಂಗಳಿಂದ, ಯಾರೋ ಕೈಯಾರೆ ತಿದ್ದಿದ ಸ್ಪ್ರೆಡ್‌ಶೀಟ್‌ಗಳಿಂದ ಬರುವ ಫೈಲುಗಳು ಹೀಗೆ ಅಚ್ಚುಕಟ್ಟಾಗಿ ಇರುವುದಿಲ್ಲ. ಒಂದು ಸಾಲಿನಲ್ಲಿ ಮೂರು ಸಂಖ್ಯೆ, ಮುಂದಿನದರಲ್ಲಿ ಎರಡು. ನಡುವೆ ಒಂದು ಖಾಲಿ ಸಾಲು. ಎಲ್ಲೋ ಒಂದು ಕಡೆ ಸಂಖ್ಯೆಯ ಜಾಗದಲ್ಲಿ ಒಂದು ಅಡ್ಡಗೆರೆ. ಇಂಥ ಫೈಲಿನ ಮೇಲೆ ಆ ನಾಲ್ಕು ಸಾಲಿನ ಪ್ರೋಗ್ರಾಂ ಓಡಿಸಿದರೆ ಅದು ಕೈಕೊಡುವುದಷ್ಟೇ ಅಲ್ಲ, ಕೈಕೊಟ್ಟಿದ್ದು ಯಾರಿಗೂ ಗೊತ್ತಾಗದ ಹಾಗೆ ಕೈಕೊಡುತ್ತದೆ. ಪಾಠ ಓದುತ್ತಿರುವ ಹುಡುಗ ಹುಡುಗಿಯರು ಅದನ್ನೇ ಕೈಬರಹದಂತೆ ರೂಢಿ ಮಾಡಿಕೊಳ್ಳುವ ಮೊದಲು ಕೆಲವು ವಿಷಯಗಳನ್ನು ಹೇಳಬೇಕಿದೆ. ಪತ್ರಿಕೆಯ ಕಿರಿದಾದ ಅಂಕಣದಲ್ಲಿ ಕೋಡ್ ಅಚ್ಚು ಹಾಕಿದರೆ ಸಾಲು ಮುರಿದು ಓದುಗರಿಗೆ ಇನ್ನಷ್ಟು ತೊಂದರೆ, ಹಾಗಾಗಿ ಎಲ್ಲವನ್ನೂ ಮಾತಿನಲ್ಲೇ ಬರೆಯುತ್ತಿದ್ದೇನೆ.

ಮೊದಲು ಎಫ್‌ಇಒಎಫ್. ಈ ಫಂಕ್ಷನ್ ಮುಂದೇನಿದೆ ಎಂದು ಇಣುಕಿ ನೋಡುವುದಿಲ್ಲ. ಹಿಂದಿನ ಓದು ಫೈಲಿನ ಕೊನೆಗೆ ತಾಗಿತೇ ಎಂಬುದನ್ನಷ್ಟೇ ಹೇಳುತ್ತದೆ. ಕೊನೆಯ ಸಂಖ್ಯೆಯ ನಂತರ ಒಂದು ನ್ಯೂಲೈನ್ (ಎಂಟರ್ ಒತ್ತಿದಾಗ ಬೀಳುವ, ಸಾಲು ಮುಗಿಸುವ ಅಕ್ಷರ) ಇದ್ದರೆ, ಆ ಸಂಖ್ಯೆಯನ್ನು ಓದಿ ಮುಗಿಸಿದಾಗಲೂ ಎಫ್‌ಇಒಎಫ್ ‘ಇನ್ನೂ ಇದೆ’ ಎನ್ನುತ್ತದೆ. ಲೂಪ್ ಮತ್ತೊಮ್ಮೆ ಸುತ್ತುತ್ತದೆ, ಎಫ್‌ಸ್ಕ್ಯಾನ್‌ಎಫ್‌ಗೆ ಏನೂ ಸಿಗುವುದಿಲ್ಲ, ವೇರಿಯಬಲ್‌ನಲ್ಲಿ ಹಳೆಯ ಬೆಲೆಯೇ ಉಳಿದಿರುತ್ತದೆ, ಅದೇ ಮೊತ್ತಕ್ಕೆ ಎರಡನೇ ಸಲ ಸೇರುತ್ತದೆ. ಅದೇ ಫೈಲಿನ ಕೊನೆಯಲ್ಲಿ ಎಂಟರ್ ಒತ್ತದೆ ಬಿಟ್ಟಿದ್ದರೆ ಉತ್ತರ ಸರಿಯಾಗಿಯೇ ಬರುತ್ತದೆ! ಮೊತ್ತ ಸರಿ ಬರುವುದೋ ತಪ್ಪುವುದೋ ಎಂಬುದು ಕೊನೆಯ ಒಂದು ಕಣ್ಣಿಗೆ ಕಾಣದ ಬೈಟ್‌ನ ಮೇಲೆ ನಿಂತಿದೆ ಎಂದಾಯಿತು. ಇನ್ನು ಫೈಲಿನ ನಡುವೆ ಒಂದು ಅಕ್ಷರ ಸಿಕ್ಕಿದರೆ ಕಥೆಯೇ ಬೇರೆ. ಎಫ್‌ಸ್ಕ್ಯಾನ್‌ಎಫ್ ತನಗೆ ಒಗ್ಗದ ಅಕ್ಷರವನ್ನು ನುಂಗುವುದಿಲ್ಲ, ಅಲ್ಲೇ ಬಿಡುತ್ತದೆ. ಮುಂದಿನ ಸುತ್ತಿನಲ್ಲೂ ಅದೇ ಅಕ್ಷರ, ಅದರ ಮುಂದಿನ ಸುತ್ತಿನಲ್ಲೂ ಅದೇ. ಫೈಲಿನ ಕೊನೆ ಎಂದೂ ಬರುವುದಿಲ್ಲ, ಲೂಪ್ ನಿಲ್ಲುವುದೂ ಇಲ್ಲ.

‘ಸರಿ, ಎಫ್‌ಇಒಎಫ್ ಬಿಟ್ಟು, ಎಷ್ಟು ಬೆಲೆ ಓದಿದೆ ಎಂದು ಎಫ್‌ಸ್ಕ್ಯಾನ್‌ಎಫ್ ಹಿಂದಿರುಗಿಸುವ ಎಣಿಕೆಯನ್ನೇ ನೋಡುತ್ತೇವೆ’ ಎಂದು ಯಾರಾದರೂ ಹೇಳಬಹುದು. ಅದು ಒಂದು ಹೆಜ್ಜೆ ಮುಂದೆ, ನಿಜ. ಆದರೆ ಮೂಲ ತೊಡಕು ಹಾಗೇ ಉಳಿಯುತ್ತದೆ: ಎಫ್‌ಸ್ಕ್ಯಾನ್‌ಎಫ್‌ಗೆ ಸಾಲು ಎಂಬುದೇ ಗೊತ್ತಿಲ್ಲ. ಅದರ ಕಣ್ಣಿಗೆ ಸ್ಪೇಸ್, ಟ್ಯಾಬ್, ನ್ಯೂಲೈನ್ ಎಲ್ಲ ಒಂದೇ. ಕ್ರಮಸಂಖ್ಯೆ, ಉಷ್ಣತೆ, ತೇವಾಂಶ ಎಂಬ ಮೂರು ಕಾಲಂಗಳ ಫೈಲ್ ಇದೆ ಎನ್ನಿ. ಮೊದಲ ಸಾಲು 1, 20.5, 61. ಎರಡನೆಯದರಲ್ಲಿ 2, 21.0 ಮಾತ್ರ, ತೇವಾಂಶ ಬಿಟ್ಟುಹೋಗಿದೆ. ಮೂರನೆಯದು 3, 20.8, 63. ಮೂರು ಮೂರು ಸಂಖ್ಯೆ ಓದುತ್ತ ಹೋಗುವ ಎಫ್‌ಸ್ಕ್ಯಾನ್‌ಎಫ್, ಎರಡನೇ ಸಾಲಿನ ತೇವಾಂಶಕ್ಕೆ ಮೂರನೇ ಸಾಲಿನ ಕ್ರಮಸಂಖ್ಯೆಯನ್ನೇ ಎಳೆದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಕ್ರಮಸಂಖ್ಯೆಯ ಜಾಗದಲ್ಲಿ 20.8, ಉಷ್ಣತೆಯ ಜಾಗದಲ್ಲಿ 63. ಹಿಂದಿರುಗುವ ಎಣಿಕೆ ಪ್ರತಿ ಸಲವೂ 3. ದೂರು ಎಲ್ಲೂ ಇಲ್ಲ. ಇನ್ನೂ ಕೆಟ್ಟದ್ದೆಂದರೆ, ಫೈಲಿನಲ್ಲಿ ಒಟ್ಟು ಮೂರು ಕಡೆ ಸಂಖ್ಯೆ ಬಿಟ್ಟುಹೋಗಿದ್ದರೆ ಕಾಲಂಗಳು ತಾವಾಗಿಯೇ ಮತ್ತೆ ಸರಿಹೊಂದುತ್ತವೆ. ಕೊನೆಯ ಹತ್ತು ಸಾಲು ನೋಡಿ ‘ಎಲ್ಲ ಸರಿಯಿದೆ’ ಎಂದುಕೊಂಡವರಿಗೆ ನಡುವಿನ ಗೊಂದಲ ತಿಳಿಯುವುದೇ ಇಲ್ಲ.

ಇನ್ನೊಂದು ಸೂಕ್ಷ್ಮ ಸಿ ಭಾಷೆಯ ಸ್ಟ್ಯಾಂಡರ್ಡ್‌ನಲ್ಲೇ ಉದಾಹರಣೆಯಾಗಿ ಇದೆ. 100ರ ಬೆನ್ನಿಗೇ ಅಂಟಿಕೊಂಡು ಇ, ಆರ್, ಜಿ, ಎಸ್ ಎಂಬ ಅಕ್ಷರಗಳಿವೆ, ಅಂದರೆ ‘ನೂರು ಅರ್ಗ್’. ಇದನ್ನು ಪರ್ಸೆಂಟ್ ಎಫ್ (ದಶಮಾಂಶ ಸಂಖ್ಯೆ ಓದು ಎಂದು ಎಫ್‌ಸ್ಕ್ಯಾನ್‌ಎಫ್‌ಗೆ ಹೇಳುವ ಗುರುತು) ಮೂಲಕ ಓದಿದರೆ 100 ಸಿಗುವುದಿಲ್ಲ, ಓದೇ ಸೋಲುತ್ತದೆ. ‘ಇ’ ಅಕ್ಷರ ಘಾತದ ಗುರುತಾಗಿರಬಹುದು ಎಂದು ಅದು ‘100ಇ’ವರೆಗೆ ನುಂಗುತ್ತದೆ, ಮುಂದೆ ಅಂಕಿ ಸಿಗದಿದ್ದಾಗ ಹಿಂದೆ ಬರಲು ದಾರಿಯಿಲ್ಲ, ಏಕೆಂದರೆ ಓದುತ್ತಿರುವ ಫೈಲಿನ ಹರಿವಿಗೆ (ಸ್ಟ್ರೀಮ್‌ಗೆ) ಮರಳಿಸಬಹುದಾದದ್ದು ಹೆಚ್ಚೆಂದರೆ ಒಂದು ಅಕ್ಷರ. ಅದೇ ಪಠ್ಯವನ್ನು ಮೆಮೊರಿಯಲ್ಲಿಟ್ಟು ಸ್ಟ್ರ್‌ಟುಡಿ ಫಂಕ್ಷನ್‌ಗೆ (ಸ್ಟ್ರಿಂಗ್ ಟು ಡಬಲ್ ಎಂಬುದರ ಮೊಟಕು ರೂಪ; ಸ್ಟ್ರಿಂಗ್ ಎಂದರೆ ಅಕ್ಷರಗಳ ಸರಣಿ, ಡಬಲ್ ಎಂದರೆ ದಶಮಾಂಶ ಸಂಖ್ಯೆ ಇಡುವ ಬಗೆ) ಕೊಟ್ಟರೆ 100 ಕೊಟ್ಟು, ‘ಇ’ ಅಕ್ಷರದ ಮೇಲೆ ಬೆರಳಿಟ್ಟು ‘ಇಲ್ಲಿಗೆ ನಿಂತೆ’ ಎನ್ನುತ್ತದೆ.

ನಾನು ಹೇಳಬೇಕಾದ ಮುಖ್ಯ ಮಾತು ಇದರಲ್ಲೇ ಇದೆ. ಸಾಲು ಓದುವುದು ಒಂದು ಕೆಲಸ, ಸಂಖ್ಯೆ ಬಿಡಿಸುವುದು ಇನ್ನೊಂದು. ಎರಡನ್ನೂ ಒಂದೇ ಕರೆಯಲ್ಲಿ ಮುಗಿಸಲು ಹೋಗಬಾರದು. ಮೊದಲು ಇಡೀ ಸಾಲನ್ನು ಮೆಮೊರಿಗೆ ತನ್ನಿ, ಸಾಲಿನ ಎಣಿಕೆಯನ್ನು ಒಂದು ಹೆಚ್ಚಿಸಿ, ಆಮೇಲೆ ಆ ಸಾಲಿನೊಳಗೆ ಎಷ್ಟು ಬೇಕಾದರೂ ಹಿಂದೆ ಮುಂದೆ ಓಡಾಡಿ. ಒಂದು ಸಾಲಿನ ತಪ್ಪು ಆ ಸಾಲಿನಲ್ಲೇ ಸಾಯುತ್ತದೆ, ಪಕ್ಕದ ಸಾಲಿಗೆ ಹರಡುವುದಿಲ್ಲ.

ಸಾಲು ತರಲು ಎರಡು ದಾರಿ. ಎಫ್‌ಗೆಟ್ಸ್ ಎಲ್ಲೆಡೆ ಇದೆ. 4096 ಬೈಟ್‌ನ ಬಫರ್ (ಓದಿದ್ದನ್ನು ಇಡುವ ಮೆಮೊರಿ ಜಾಗ) ಕೊಟ್ಟರೆ 4095 ಅಕ್ಷರದವರೆಗೆ ತುಂಬಿ, ಪಠ್ಯ ಮುಗಿಯಿತು ಎನ್ನುವ ಸೊನ್ನೆ ಬೈಟನ್ನು ಕೊನೆಗೆ ಇಡುತ್ತದೆ, ನ್ಯೂಲೈನ್ ಸಿಕ್ಕಿದರೆ ಅದನ್ನೂ ಬಫರ್‌ನಲ್ಲೇ ಉಳಿಸುತ್ತದೆ. ಸಾಲು ಬಫರ್‌ಗಿಂತ ಉದ್ದವಿದ್ದರೆ ಅರ್ಧಕ್ಕೆ ಕತ್ತರಿಸುತ್ತದೆ, ಮತ್ತು ಆ ಕತ್ತರಿ 12345 ಎಂಬ ಸಂಖ್ಯೆಯ ನಡುವೆ ಬಿದ್ದರೆ 123 ಒಂದು, 45 ಇನ್ನೊಂದು ಆಗುತ್ತದೆ. ಆದ್ದರಿಂದ ಪ್ರತಿ ಸಲ ಬಫರ್‌ನ ಕೊನೆಯಲ್ಲಿ ನ್ಯೂಲೈನ್ ಇದೆಯೇ ನೋಡಬೇಕು. ಇಲ್ಲ, ಫೈಲೂ ಮುಗಿದಿಲ್ಲ ಎಂದರೆ ಸಾಲು ತುಂಡಾಗಿದೆ ಎಂದರ್ಥ. ಪೋಸಿಕ್ಸ್ ವ್ಯವಸ್ಥೆಗಳಲ್ಲಿ (ಲಿನಕ್ಸ್‌ನಂಥ ಯುನಿಕ್ಸ್ ಬಗೆಯವು) 2008ರಿಂದ ಗೆಟ್‌ಲೈನ್ ಸ್ಟ್ಯಾಂಡರ್ಡ್ ಆಗಿದೆ. ಪಾಯಿಂಟರ್‌ಗೆ (ಮೆಮೊರಿಯ ವಿಳಾಸ ಇಡುವ ವೇರಿಯಬಲ್) ನಲ್ (ಯಾವ ವಿಳಾಸವೂ ಇಲ್ಲ ಎಂಬ ಬೆಲೆ), ಗಾತ್ರಕ್ಕೆ ಸೊನ್ನೆ ಇಟ್ಟು ಕರೆದರೆ ಬಫರನ್ನು ತಾನೇ ಬೆಳೆಸಿಕೊಳ್ಳುತ್ತದೆ, ಓದಿದ ಬೈಟ್‌ಗಳ ಎಣಿಕೆ ಕೊಡುತ್ತದೆ, ಮುಗಿದಾಗ -1. ಅದೇ ಪಾಯಿಂಟರನ್ನು ಪ್ರತಿ ಸಾಲಿಗೂ ಮರುಬಳಸಿ, ಕೊನೆಯಲ್ಲಿ ಒಮ್ಮೆ ಮಾತ್ರ ಫ್ರೀ ಮಾಡಬೇಕು. ಲೂಪ್ ಮುಗಿದ ಮೇಲೆ ಎಫ್‌ಎರರ್ ಕರೆದು ನೋಡುವುದನ್ನು ಬಹಳ ಮಂದಿ ಮರೆಯುತ್ತಾರೆ: ಡಿಸ್ಕ್ ಓದುವಾಗ ದೋಷ ಬಂದರೂ ಲೂಪ್ ನಿಲ್ಲುತ್ತದೆ, ಫೈಲ್ ಮುಗಿದರೂ ನಿಲ್ಲುತ್ತದೆ, ಎರಡೂ ಒಂದೇ ಅಲ್ಲ. (ಗೆಟ್ಸ್ ಎಂಬ ಹಳೆಯ ಫಂಕ್ಷನ್ ಇನ್ನೂ ಕೆಲವು ನೋಟ್ಸ್‌ಗಳಲ್ಲಿ ಜೀವಂತವಾಗಿದೆ. ಅದನ್ನು 2011ರ ಸ್ಟ್ಯಾಂಡರ್ಡ್‌ನಲ್ಲೇ ತೆಗೆದುಹಾಕಲಾಗಿದೆ.)

ಈಗ ಸಂಖ್ಯೆ ಬಿಡಿಸುವ ಲೂಪ್. ಒಂದು ಪಾಯಿಂಟರ್ ಸಾಲಿನ ಆರಂಭಕ್ಕೆ ನಿಲ್ಲಲಿ, ಅದನ್ನು ‘ಮೊದಲು’ ಎನ್ನೋಣ. ಎರ್‌ನೋ ಎಂಬ ದೋಷಸೂಚಕವನ್ನು ಸೊನ್ನೆ ಮಾಡಿ. ಸ್ಟ್ರ್‌ಟುಡಿ ಕರೆಯಿರಿ, ಎರಡನೇ ಆರ್ಗ್ಯುಮೆಂಟ್ ಆಗಿ ‘ಕೊನೆ’ ಎಂಬ ಇನ್ನೊಂದು ಪಾಯಿಂಟರ್‌ನ ವಿಳಾಸ ಕೊಡಿ. ಹಿಂದಿರುಗಿದ ಮೇಲೆ ಮೂರು ಪ್ರಶ್ನೆ ಕೇಳಬೇಕು. ‘ಕೊನೆ’ಯೂ ‘ಮೊದಲು’ ಇದ್ದ ಜಾಗವೂ ಒಂದೇ ಆಗಿದ್ದರೆ ಅಲ್ಲಿ ಸಂಖ್ಯೆಯೇ ಇರಲಿಲ್ಲ. ಹಿಂದಿರುಗಿದ ಸೊನ್ನೆಯನ್ನು ನಂಬಬಾರದು. ಎರ್‌ನೋ ಈಗ ಇರೇಂಜ್ (ಮಿತಿ ಮೀರಿದೆ ಎಂಬ ಗುರುತು) ಆಗಿದ್ದು, ಬಂದ ಬೆಲೆ ಹ್ಯೂಜ್‌ವ್ಯಾಲ್‌ನಷ್ಟು (ಹಿಡಿಸದಷ್ಟು ದೊಡ್ಡ ಸಂಖ್ಯೆಗೆ ಸ್ಟ್ರ್‌ಟುಡಿ ಕೊಡುವ ಬೆಲೆ) ದೊಡ್ಡದಾಗಿದ್ದರೆ ಸಂಖ್ಯೆ ಡಬಲ್‌ನಲ್ಲಿ ಹಿಡಿಸಲಿಲ್ಲ. ತೀರಾ ಚಿಕ್ಕ ಸಂಖ್ಯೆಗೂ ಇರೇಂಜ್ ಬರಬಹುದಾದ್ದರಿಂದ ಬೆಲೆಯನ್ನೂ ನೋಡಿಯೇ ತೀರ್ಮಾನಿಸಬೇಕು. ಮೂರನೆಯದು ಬಹುತೇಕರು ಕೇಳದ ಪ್ರಶ್ನೆ: ‘ಕೊನೆ’ ಎಂಥ ಅಕ್ಷರದ ಮೇಲೆ ನಿಂತಿದೆ? ಅದು ಸ್ಪೇಸ್, ಟ್ಯಾಬ್, ನಿಮ್ಮ ಫೈಲಿನ ವಿಭಜಕ, ನ್ಯೂಲೈನ್ ಅಥವಾ ಸೊನ್ನೆ ಬೈಟ್ ಆಗಿರಬೇಕು. ಬೇರೇನಾದರೂ ಇದ್ದರೆ, ಉದಾಹರಣೆಗೆ 12ರ ನಂತರ ಅಂಟಿಕೊಂಡೇ ಒಂದು ಅಕ್ಷರ, ಅದು 12 ಅಲ್ಲ, ತಪ್ಪು. ಎಲ್ಲ ಸರಿಯಿದ್ದರೆ ಬೆಲೆಯನ್ನು ಇಟ್ಟುಕೊಂಡು, ‘ಮೊದಲು’ ಪಾಯಿಂಟರನ್ನು ‘ಕೊನೆ’ಗೆ ಸರಿಸಿ, ವಿಭಜಕ ದಾಟಿ ಮತ್ತೆ ಅದೇ. ಪಠ್ಯವನ್ನು ಸಂಖ್ಯೆ ಮಾಡುವ ಎಟಿಒಎಫ್, ಎಟಿಒಐ ಫಂಕ್ಷನ್‌ಗಳಿಗೆ ಈ ಮೂರರಲ್ಲಿ ಯಾವ ಪ್ರಶ್ನೆಯನ್ನೂ ಕೇಳಲಾಗದು. ಸಂಖ್ಯೆಯೇ ಇಲ್ಲದಿದ್ದರೂ ಸೊನ್ನೆ, ನಿಜವಾದ ಸೊನ್ನೆಗೂ ಸೊನ್ನೆ. ಅವನ್ನು ಫೈಲಿನ ದತ್ತಾಂಶಕ್ಕೆ ಬಳಸಲೇಬಾರದು.

ಇಲ್ಲಿ ಟ್ಯಾಬ್ ಬಗ್ಗೆ ಒಂದು ಎಚ್ಚರಿಕೆ. ಸ್ಟ್ರ್‌ಟುಡಿ ಸಂಖ್ಯೆಗೆ ಮುಂಚಿನ ಖಾಲಿ ಜಾಗವನ್ನೆಲ್ಲ ತಾನೇ ಹಾರಿಸುತ್ತದೆ. ಕಾಮಾ ವಿಭಜಕವಿದ್ದಾಗ ಇದರಿಂದ ತೊಂದರೆಯಿಲ್ಲ: ಎರಡು ಕಾಮಾ ನಡುವೆ ಬರೀ ಸ್ಪೇಸ್ ಇದ್ದರೆ ಎರಡನೇ ಕಾಮಾಕ್ಕೆ ತಾಗಿ ‘ಸಂಖ್ಯೆ ಇಲ್ಲ’ ಎನ್ನುತ್ತದೆ. ಆದರೆ ವಿಭಜಕವೇ ಟ್ಯಾಬ್ ಆಗಿದ್ದರೆ, ಎರಡು ಟ್ಯಾಬ್‌ಗಳ ನಡುವಿನ ಖಾಲಿ ಮನೆಯನ್ನು ಅದು ಗಮನಿಸದೆ ಹಾರಿ, ಮುಂದಿನ ಕಾಲಂನ ಸಂಖ್ಯೆಯನ್ನು ಈ ಕಾಲಂಗೆ ತಂದುಬಿಡುತ್ತದೆ. ಆಗ ಮೊದಲು ಟ್ಯಾಬ್ ಎಲ್ಲಿದೆ ಎಂದು ಹುಡುಕಿ, ನಡುವಿನ ತುಂಡು ಖಾಲಿಯೇ ಎಂದು ನೋಡಿ, ಖಾಲಿಯಲ್ಲದಿದ್ದರೆ ಮಾತ್ರ ಸ್ಟ್ರ್‌ಟುಡಿಗೆ ಕೊಡಬೇಕು. ಸಾಲನ್ನು ವಿಭಜಕದ ಬಳಿ ತುಂಡು ಮಾಡುವ ಸ್ಟ್ರ್‌ಟಾಕ್ ಬಳಸಿದರೂ ಇದೇ ಗುಂಡಿ: 12, ಎರಡು ಕಾಮಾ, 15 ಎಂಬ ಸಾಲಿನಲ್ಲಿ ಮೂರು ಮನೆಗಳಿವೆ, ಸ್ಟ್ರ್‌ಟಾಕ್ ಎರಡನ್ನೇ ಕೊಡುತ್ತದೆ. ಜೊತೆಗೆ ಅದು ಮೂಲ ಸಾಲನ್ನೇ ಕತ್ತರಿಸಿ ಹಾಕುವುದರಿಂದ ತಪ್ಪು ಸಿಕ್ಕಾಗ ಪೂರ್ತಿ ಸಾಲನ್ನು ತೋರಿಸಲೂ ಆಗುವುದಿಲ್ಲ.

ಸ್ಟ್ರ್‌ಟುಡಿ ಕೆಲವು ಸಲ ಅತಿ ಉದಾರಿ. 1999ರ ಸ್ಟ್ಯಾಂಡರ್ಡ್ ನಂತರ ಅದು ಇನ್ಫಿನಿಟಿ (ಅನಂತ, ಮೊಟಕಾಗಿ ಇನ್ಫ್), ನ್ಯಾನ್ (‘ಸಂಖ್ಯೆಯಲ್ಲ’) ಎಂಬ ಪದಗಳನ್ನೂ, ಸೊನ್ನೆ-ಎಕ್ಸ್‌ನಿಂದ ಶುರುವಾಗುವ ಹದಿನಾರರ ಪದ್ಧತಿಯ ಅಂಕಿಗಳನ್ನೂ ಸಂಖ್ಯೆಯೆಂದು ಒಪ್ಪಿಕೊಳ್ಳುತ್ತದೆ. ದೊಡ್ಡಕ್ಷರ ಸಣ್ಣಕ್ಷರ ಭೇದವೂ ಇಲ್ಲ. ಇಂಗ್ಲಿಷಿನ ‘ಇನ್‌ಫರ್ಮೇಷನ್’ ಎಂಬ ಪದದಿಂದ ಶುರುವಾಗುವ ತಲೆಬರಹದ ಸಾಲು ಕೊಟ್ಟರೆ, ಮೊದಲ ಮೂರು ಅಕ್ಷರಗಳನ್ನು ಅನಂತ ಎಂದು ಓದಿ ನಾಲ್ಕನೆಯದರ ಮೇಲೆ ನಿಲ್ಲುತ್ತದೆ. ‘ಕೊನೆ’ಯ ಅಕ್ಷರ ಪರೀಕ್ಷಿಸುವವರು ಇಲ್ಲಿ ಬಚಾವ್, ಉಳಿದವರ ಸರಾಸರಿ ಅನಂತ. ನ್ಯಾನ್ ಇನ್ನೂ ಕಿಲಾಡಿ. ಅದು ಯಾವುದಕ್ಕಾದರೂ ಕಡಿಮೆಯೇ, ಹೆಚ್ಚೇ, ಸಮವೇ ಎಂದು ಹೋಲಿಸಿದರೆ ಉತ್ತರ ‘ಅಲ್ಲ’. ಹಾಗಾಗಿ ‘ಬೆಲೆ -50ಕ್ಕಿಂತ ಕಡಿಮೆ ಅಥವಾ 60ಕ್ಕಿಂತ ಹೆಚ್ಚಾದರೆ ತಿರಸ್ಕರಿಸು’ ಎಂದು ಬರೆದರೆ ನ್ಯಾನ್ ಎರಡೂ ಬಾಗಿಲು ದಾಟಿ ಒಳಗೆ ಬರುತ್ತದೆ. ‘ಬೆಲೆ -50 ಅಥವಾ ಮೇಲೆ, ಹಾಗೂ 60 ಅಥವಾ ಕೆಳಗೆ ಇದ್ದರೆ ಮಾತ್ರ ಸ್ವೀಕರಿಸು’ ಎಂದು ಬರೆದರೆ ಹೊರಗೇ ಉಳಿಯುತ್ತದೆ. ಈ ಪದಗಳೇ ಬೇಡವಾದರೆ, ಕರೆಯುವ ಮುಂಚೆ ಖಾಲಿ ಜಾಗ ದಾಟಿ, ಚಿಹ್ನೆಯಿದ್ದರೆ ಅದನ್ನೂ ದಾಟಿ, ಮುಂದಿರುವುದು ಅಂಕಿ ಅಥವಾ ಚುಕ್ಕಿಯೇ ಎಂದು ನೋಡಿದರೆ ಸಾಕು. ಹದಿನಾರರ ಅಂಕಿ ಮಾತ್ರ ಸೊನ್ನೆಯಿಂದಲೇ ಶುರುವಾಗುವುದರಿಂದ ಅದರ ಪಕ್ಕದ ಎಕ್ಸ್ ಅನ್ನು ಬೇರೆಯಾಗಿ ನೋಡಬೇಕು.

ಪೂರ್ಣಾಂಕಗಳಿಗೆ ಸ್ಟ್ರ್‌ಟುಎಲ್ ಇದೆ. ವಿಧಾನ ಅದೇ, ಮೂರನೇ ಆರ್ಗ್ಯುಮೆಂಟ್ ಮಾತ್ರ ಹೊಸದು: ಸಂಖ್ಯಾಪದ್ಧತಿಯ ಆಧಾರ. ಅಲ್ಲಿ 10 ಎಂದೇ ಬರೆಯಿರಿ. ಸೊನ್ನೆ ಬರೆದರೆ ಫಂಕ್ಷನ್ ತಾನೇ ಊಹಿಸಲು ಹೋಗುತ್ತದೆ, ಮುಂದೆ ಸೊನ್ನೆಯಿರುವ ಸಂಖ್ಯೆಯನ್ನು ಎಂಟರ ಪದ್ಧತಿ ಎಂದುಕೊಳ್ಳುತ್ತದೆ. 010 ಎಂಬುದು 8 ಆಗುತ್ತದೆ. 08 ಎಂಬುದು 0 ಆಗಿ, 8ರ ಮೇಲೆ ನಿಲ್ಲುತ್ತದೆ. ತಿಂಗಳು, ಗಂಟೆ, ನಿಮಿಷಗಳ ಕಾಲಂಗಳಲ್ಲಿ ಜುಲೈವರೆಗೆ ಸರಿಯಾಗಿ ಓಡಿ ಆಗಸ್ಟ್‌ನಲ್ಲಿ ಕೆಡುವ ಪ್ರೋಗ್ರಾಂಗಳ ಗುಟ್ಟು ಇದೇ. ಸ್ಕ್ಯಾನ್‌ಎಫ್‌ನ ಪರ್ಸೆಂಟ್ ಐ ಕೂಡ ಹೀಗೆಯೇ ಮಾಡುತ್ತದೆ. ಋಣ ಚಿಹ್ನೆ ಬರಬಾರದ ಕಾಲಂ ಎಂದು, ಋಣವಿಲ್ಲದ ಪೂರ್ಣಾಂಕ ಕೊಡುವ ಸ್ಟ್ರ್‌ಟುಯುಎಲ್ ಬಳಸಿದರೆ ರಕ್ಷಣೆ ಸಿಗುವುದಿಲ್ಲ. -1 ಕೊಟ್ಟರೆ ದೂರಿಲ್ಲದೆ ತನ್ನ ಗರಿಷ್ಠ ಬೆಲೆಯನ್ನು ಕೊಡುತ್ತದೆ. 64 ಬಿಟ್‌ನ ಲಿನಕ್ಸ್‌ನಲ್ಲಿ ಲಾಂಗ್ (ಸ್ಟ್ರ್‌ಟುಎಲ್ ಕೊಡುವ ಪೂರ್ಣಾಂಕದ ಬಗೆ) 64 ಬಿಟ್, 64 ಬಿಟ್‌ನ ವಿಂಡೋಸ್‌ನಲ್ಲಿ 32 ಬಿಟ್. ಎರಡೂ ಕಡೆ ಓಡಬೇಕಾದ ಪ್ರೋಗ್ರಾಂಗೆ ಲಾಂಗ್ ಲಾಂಗ್ ಕೊಡುವ ಸ್ಟ್ರ್‌ಟುಎಲ್‌ಎಲ್ ಒಳ್ಳೆಯದು. ಗುರುತಿನ ಸಂಖ್ಯೆಗಳನ್ನು ‘ಎಲ್ಲವೂ ಡಬಲ್ ಇರಲಿ’ ಎಂದು ಸ್ಟ್ರ್‌ಟುಡಿಯಲ್ಲಿ ಓದುವವರು 9007199254740992 ಎಂಬ ಗಡಿಯನ್ನು ನೆನಪಿಡಬೇಕು. ಎರಡರ 53ನೇ ಘಾತವಾದ ಈ ಸಂಖ್ಯೆಯ ಆಚೆ ಡಬಲ್ ಎಲ್ಲ ಪೂರ್ಣಾಂಕಗಳನ್ನೂ ಹಿಡಿಯಲಾರದು. ಡಬಲ್‌ನ ಚಿಕ್ಕ ರೂಪವಾದ ಫ್ಲೋಟ್‌ನ ಗಡಿಯಂತೂ ಬರೀ 16777216. ಇನ್ನು 2024-05-17ರಂಥ ದಿನಾಂಕ ಸಂಖ್ಯೆಯ ಕಾಲಂಗೆ ನುಸುಳಿದರೆ, ವಿಭಜಕ ನೋಡದ ಲೂಪ್ ಅದನ್ನು 2024, -5, -17 ಎಂದು ಮೂರು ಸಂಖ್ಯೆಯಾಗಿ ಸಂತೋಷದಿಂದ ಓದುತ್ತದೆ.

ಸ್ಪೇಸ್ ಇರಲೇಬೇಕೆಂದಿಲ್ಲದ ಫೈಲುಗಳೂ ಇವೆ. ಪ್ರೋಟೀನ್ ಅಣುಗಳ ರಚನೆಯನ್ನು ಸಂಗ್ರಹಿಸುವ ಪ್ರೋಟೀನ್ ಡೇಟಾ ಬ್ಯಾಂಕಿನ ಹಳೆಯ ಪಠ್ಯ ರೂಪದಲ್ಲಿ ಪರಮಾಣುವಿನ ಎಕ್ಸ್ ನಿರ್ದೇಶಾಂಕ 31ರಿಂದ 38ನೇ ಅಕ್ಷರದವರೆಗೆ, ವೈ 39ರಿಂದ 46, ಝಡ್ 47ರಿಂದ 54. ಪ್ರತಿಯೊಂದಕ್ಕೂ ಎಂಟೇ ಅಕ್ಷರ. -100.123 ಎಂಬ ಸಂಖ್ಯೆ ಎಂಟನ್ನೂ ತುಂಬುತ್ತದೆ, ಪಕ್ಕದ್ದೂ ಹಾಗೇ ಇದ್ದರೆ ಎರಡೂ ಬೆನ್ನಿಗೆ ಬೆನ್ನು ಅಂಟಿಕೊಳ್ಳುತ್ತವೆ. ಇಲ್ಲಿ ಅಗಲ ಸೂಚಿಸಿದ ಸ್ಕ್ಯಾನ್‌ಎಫ್ ಸಾಕಲ್ಲವೇ ಎನ್ನಿಸಬಹುದು. ಸಾಲದು, ಏಕೆಂದರೆ ಅದು ಮುಂಚಿನ ಸ್ಪೇಸ್‌ಗಳನ್ನು ಅಗಲದ ಲೆಕ್ಕಕ್ಕೆ ಸೇರಿಸದೆ ಹಾರುತ್ತದೆ. ಎಂಟು ಅಕ್ಷರವೂ ಖಾಲಿಯಿದ್ದರೆ ಮುಂದಿನ ಮನೆಗೆ ನುಗ್ಗುತ್ತದೆ. ಸರಿಯಾದ ದಾರಿ: ಸಾಲು ಕನಿಷ್ಠ 54 ಅಕ್ಷರ ಇದೆಯೇ ನೋಡಿ, ಎಂಟು ಬೈಟ್‌ಗಳನ್ನು ಒಂಬತ್ತು ಬೈಟ್‌ನ ತಾತ್ಕಾಲಿಕ ಬಫರ್‌ಗೆ ಮೆಮ್‌ಕಾಪಿ ಮಾಡಿ, ಒಂಬತ್ತನೆಯದರಲ್ಲಿ ಸೊನ್ನೆ ಬೈಟ್ ಇಟ್ಟು, ಅದನ್ನು ಸ್ಟ್ರ್‌ಟುಡಿಗೆ ಕೊಡುವುದು.

ಫೋರ್ಟ್ರಾನ್ ಎಂಬ ಹಳೆಯ ಭಾಷೆಯ ಪ್ರೋಗ್ರಾಂಗಳ ಔಟ್‌ಪುಟ್‌ಗೆ ಇನ್ನಷ್ಟು ವರಸೆಗಳಿವೆ. ಘಾತಕ್ಕೆ ‘ಇ’ ಬದಲು ‘ಡಿ’ ಇರುವುದುಂಟು. ಸಂಖ್ಯೆಯ ತುಂಡಿನಲ್ಲಿ ಡಿ ಕಂಡರೆ ಅದನ್ನು ಇ ಮಾಡಿ ಆಮೇಲೆ ಓದಬೇಕು. ಘಾತ ಮೂರಂಕಿಯಾದರೆ ಆ ಅಕ್ಷರವೇ ಮಾಯವಾಗಿ 0.123-104 ಎಂದು ಬರುತ್ತದೆ. ಇದು ಒಂದೇ ಸಂಖ್ಯೆ, ಹತ್ತರ -104ನೇ ಘಾತ. ಆದರೆ ಮೇಲಿನ ನಿರ್ದೇಶಾಂಕಗಳಲ್ಲಿ ಇದೇ ರೂಪ ಎರಡು ಸಂಖ್ಯೆ! ಯಾವುದು ಯಾವುದೆಂದು ಅಕ್ಷರ ನೋಡಿ ಹೇಳಲಾಗದು, ಫೈಲಿನ ವಿವರಣೆ ನೋಡಿಯೇ ಹೇಳಬೇಕು. ಸಂಖ್ಯೆ ಕಾಲಂನ ಅಗಲದಲ್ಲಿ ಹಿಡಿಸದಿದ್ದರೆ ಫೋರ್ಟ್ರಾನ್ ನಕ್ಷತ್ರಗಳನ್ನು ತುಂಬುತ್ತದೆ. ಅಲ್ಲಿ ಬೆಲೆ ಶಾಶ್ವತವಾಗಿ ಕಳೆದುಹೋಗಿದೆ, ಯಾವ ಪಾರ್ಸರೂ ತರಲಾರದು. ಉಪಗ್ರಹಗಳ ಕಕ್ಷೆ ಹೇಳುವ ‘ಎರಡು ಸಾಲಿನ’ ದತ್ತಾಂಶ ಇದಕ್ಕೂ ಒಂದು ಕೈ ಮೇಲು. ಪ್ರತಿ ಸಾಲು 69 ಅಕ್ಷರ. ಎರಡನೇ ಸಾಲಿನ 27ರಿಂದ 33ರವರೆಗಿನ ಏಳು ಅಂಕಿಗಳ ಮುಂದೆ ದಶಮಾಂಶ ಚುಕ್ಕಿ ಇದೆಯೆಂದು ನಾವೇ ಭಾವಿಸಬೇಕು. 0006703 ಎಂದರೆ 0.0006703. ಮೊದಲ ಸಾಲಿನಲ್ಲಿ 36258-4 ಎಂದಿದ್ದರೆ 0.000036258. ಇಂಥವನ್ನು ಸಾಮಾನ್ಯ ಲೂಪ್‌ಗೆ ಹಾಕುವ ಆಸೆಯನ್ನೇ ಬಿಟ್ಟು, ಕಾಲಂ ಲೆಕ್ಕದಲ್ಲಿ ಬೇರೆ ಫಂಕ್ಷನ್ ಬರೆಯುವುದು ಲೇಸು.

ಕಣ್ಣಿಗೆ ಕಾಣದ ಬೈಟ್‌ಗಳದ್ದು ಇನ್ನೊಂದು ಕಾಟ. ವಿಂಡೋಸ್‌ನಿಂದ ಬಂದ ಫೈಲಿನಲ್ಲಿ ಸಾಲಿನ ಕೊನೆಗೆ 13 ಮತ್ತು 10 ಎಂಬ ಎರಡು ಬೈಟ್. ನ್ಯೂಲೈನ್ ಮಾತ್ರ ಕತ್ತರಿಸಿದರೆ 13 ಉಳಿದು, ‘ಸಾಲು ಮುಗಿಯಿತೇ’ ಎಂಬ ಪರೀಕ್ಷೆ ಸೋಲುತ್ತದೆ. ಫೈಲಿನ ಮೊದಲಿಗೇ 239, 187, 191 ಎಂಬ ಮೂರು ಬೈಟ್‌ಗಳಿದ್ದರೆ ಅದು ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯ ಗುರುತು. ಮೊದಲ ಸಾಲಿನಲ್ಲಿ ಮಾತ್ರ ಅದನ್ನು ಹಾರಿಸಿ. 255, 254 ಇದ್ದರೆ ಅದು ಯುಟಿಎಫ್-16: ಪ್ರತಿ ಅಂಕಿಯ ಪಕ್ಕ ಸೊನ್ನೆ ಬೈಟ್ ಇರುವುದರಿಂದ ಸಿ ಭಾಷೆಯ ಸ್ಟ್ರಿಂಗ್ ಫಂಕ್ಷನ್‌ಗಳು ಮೊದಲ ಅಂಕಿಗೇ ಸಾಲು ಮುಗಿಯಿತು ಎನ್ನುತ್ತವೆ, ಫೈಲನ್ನು ಮೊದಲೇ ಪರಿವರ್ತಿಸಿಕೊಳ್ಳದೆ ಗತಿಯಿಲ್ಲ. ವರ್ಡ್ ಪ್ರೊಸೆಸರ್‌ನಿಂದ ನಕಲು ಮಾಡಿದ ಪಠ್ಯದಲ್ಲಿ ಋಣ ಚಿಹ್ನೆ ಕೀಲಿಮಣೆಯ ಅಡ್ಡಗೆರೆ ಆಗಿರದೆ 226, 136, 146 ಎಂಬ ಮೂರು ಬೈಟ್‌ನ ಗಣಿತ ಚಿಹ್ನೆ ಆಗಿರಬಹುದು; ಸ್ಪೇಸ್ ಎಂದು ಕಾಣುವುದು 194, 160 ಆಗಿರಬಹುದು. ಕನ್ನಡದಲ್ಲೇ ತಯಾರಾದ ಫೈಲಿನಲ್ಲಿ ೨೫.೫ ಎಂದು ನಮ್ಮ ಅಂಕಿಗಳೇ ಇದ್ದರೆ ಸ್ಟ್ರ್‌ಟುಡಿ ಅದನ್ನು ಸಂಖ್ಯೆ ಎಂದು ಗುರುತಿಸುವುದೇ ಇಲ್ಲ. ಪರಿಹಾರ ಸುಲಭ: ಕನ್ನಡ ಅಂಕಿಗಳು ಯುಟಿಎಫ್-8ರಲ್ಲಿ 224, 179 ಎಂಬ ಜೋಡಿಯ ನಂತರ 166ರಿಂದ 175ರವರೆಗಿನ ಒಂದು ಬೈಟ್. ಆ ಮೂರನೆಯದರಿಂದ 166 ಕಳೆದರೆ ಅಂಕಿಯ ಬೆಲೆ. ಅದಕ್ಕೆ 48 ಕೂಡಿದರೆ ಆಸ್ಕಿ ಅಂಕಿ. ಸಾಲನ್ನು ಓದಿದ ಕೂಡಲೇ ಈ ಬದಲಾವಣೆ ಮಾಡಿಕೊಂಡರೆ ಮುಂದಿನ ಕೋಡ್ ಹಾಗೇ ನಡೆಯುತ್ತದೆ. ಅಕ್ಷರ ಅಂಕಿಯೇ, ಖಾಲಿ ಜಾಗವೇ ಎಂದು ಹೇಳುವ ಈಸ್‌ಡಿಜಿಟ್, ಈಸ್‌ಸ್ಪೇಸ್ ಬಳಸುವಾಗ ಅಕ್ಷರವನ್ನು ಅನ್‌ಸೈನ್ಡ್ ಕ್ಯಾರ್ (ಋಣವಾಗದ ಬೈಟ್) ಆಗಿ ಬದಲಿಸಿಯೇ ಕೊಡಬೇಕು. 127ಕ್ಕಿಂತ ದೊಡ್ಡ ಬೈಟ್ ಬಹಳ ಯಂತ್ರಗಳಲ್ಲಿ ಋಣ ಸಂಖ್ಯೆಯಾಗುತ್ತದೆ, ಆಗ ಏನಾದೀತೆಂದು ಸ್ಟ್ಯಾಂಡರ್ಡ್ ಹೇಳುವುದಿಲ್ಲ.

ಲೊಕೇಲ್ (ಭಾಷೆ, ದೇಶಕ್ಕೆ ತಕ್ಕಂತೆ ಸಂಖ್ಯೆ, ದಿನಾಂಕ ಬರೆಯುವ ಹೊಂದಿಕೆ) ಎಂಬುದು ಬೂದಿ ಮುಚ್ಚಿದ ಕೆಂಡ. ಸಿ ಪ್ರೋಗ್ರಾಂ ಶುರುವಾಗುವಾಗ ದಶಮಾಂಶಕ್ಕೆ ಚುಕ್ಕಿಯೇ. ಆದರೆ ಕೆಲವು ಗ್ರಾಫಿಕ್ ಲೈಬ್ರರಿಗಳು ತಾವೇ ಸೆಟ್‌ಲೊಕೇಲ್ ಕರೆದು ಬಳಕೆದಾರರ ಭಾಷೆಗೆ ಹೊಂದಿಸಿಬಿಡುತ್ತವೆ. ಜರ್ಮನ್ ವ್ಯವಸ್ಥೆಯಲ್ಲಿ ದಶಮಾಂಶಕ್ಕೆ ಕಾಮಾ. ಅಲ್ಲಿ 3.75 ಓದಿದರೆ 3 ಮಾತ್ರ ಸಿಗುತ್ತದೆ. ಸಂಖ್ಯೆಗಳ ವಿಭಾಗವನ್ನು ಮಾತ್ರ ಮತ್ತೆ ‘ಸಿ’ ಲೊಕೇಲ್‌ಗೆ ಮರಳಿಸಿದರೆ ಸರಿಹೋಗುತ್ತದೆ. ಇನ್ನು ಫೈಲೇ ಕಾಮಾ ದಶಮಾಂಶದಲ್ಲಿದ್ದರೆ? 1,234 ಎಂಬುದು ಒಂದು ಮತ್ತು ಇನ್ನೂರ ಮೂವತ್ತನಾಲ್ಕೋ, ಸಾವಿರದ ಇನ್ನೂರ ಮೂವತ್ತನಾಲ್ಕೋ, ಒಂದೂಕಾಲಿನ ಹತ್ತಿರದ ಭಿನ್ನವೋ? ಪ್ರೋಗ್ರಾಂ ಊಹಿಸಬಾರದು, ಬಳಕೆದಾರರನ್ನು ಕಮಾಂಡ್ ಲೈನ್‌ನಲ್ಲಿ ಕೇಳಬೇಕು.

ಬಿಟ್ಟುಹೋದ ಬೆಲೆಗಳ ಬಗ್ಗೆ ಪಾಠಮಾಲೆ ಒಂದು ಮಾತೂ ಹೇಳಿಲ್ಲ. ಖಾಲಿ ಮನೆಗೆ ಸೊನ್ನೆ ತುಂಬುವುದು ಸುಳ್ಳು ಲೆಕ್ಕ ಬರೆದಂತೆ. ನ್ಯಾನ್ ತುಂಬಿ, ಲೆಕ್ಕ ಮಾಡುವಾಗ ಅದನ್ನು ಬಿಟ್ಟು ಎಣಿಸಿ. -9999 ಎಂದು ‘ಇಲ್ಲ’ವನ್ನು ಸೂಚಿಸುವ ಫೈಲುಗಳಲ್ಲಿ ಆ ಬೆಲೆಯನ್ನು ಓದಿದ ತಕ್ಷಣವೇ ನ್ಯಾನ್ ಮಾಡಬೇಕು, ಸರಾಸರಿಗೆ ತಲುಪಲು ಬಿಡಬಾರದು. ತಪ್ಪು ಸಿಕ್ಕಾಗ ಫೈಲಿನ ಹೆಸರು, ಸಾಲಿನ ಸಂಖ್ಯೆ, ಎಷ್ಟನೇ ಅಕ್ಷರ, ಅಲ್ಲಿದ್ದ ಪಠ್ಯ ಇಷ್ಟನ್ನೂ ಸ್ಟ್ಯಾಂಡರ್ಡ್ ಎರರ್‌ಗೆ ಬರೆಯಿರಿ, ಪ್ರೋಗ್ರಾಂ ಕೊನೆಗೆ ಸೊನ್ನೆಯಲ್ಲದ ಎಕ್ಸಿಟ್ ಕೋಡ್ ಕೊಡಲಿ. ‘ಇನ್‌ಪುಟ್ ತಪ್ಪಾಗಿದೆ’ ಎಂಬ ಬರೀ ಸಂದೇಶ ಎರಡು ಲಕ್ಷ ಸಾಲಿನ ಫೈಲ್ ಮುಂದೆ ಕೂತವರಿಗೆ ಬೈಗುಳದಷ್ಟೇ ಉಪಯುಕ್ತ.

ಎಷ್ಟು ಸಂಖ್ಯೆ ಬರುತ್ತದೆಂದು ಮೊದಲೇ ಗೊತ್ತಿಲ್ಲದಿದ್ದಾಗ 1024 ಸಂಖ್ಯೆಗಳ ಜಾಗದಿಂದ ಶುರುಮಾಡಿ, ತುಂಬಿದಾಗಲೆಲ್ಲ ರೀಅಲಾಕ್ (ಮೆಮೊರಿಯ ಗಾತ್ರ ಬದಲಿಸುವ ಫಂಕ್ಷನ್) ಕರೆದು ಎರಡರಷ್ಟು ಮಾಡಿ. ಹತ್ತು ಸಲಕ್ಕೆ 1048576 ಡಬಲ್‌ಗಳಿಗೆ ಜಾಗವಾಗುತ್ತದೆ. ರೀಅಲಾಕ್‌ನ ಉತ್ತರವನ್ನು ನೇರವಾಗಿ ಹಳೆಯ ಪಾಯಿಂಟರ್‌ಗೇ ಹಾಕಬಾರದು; ಅದು ನಲ್ ಕೊಟ್ಟರೆ ಹಳೆಯ ಮೆಮೊರಿಯ ವಿಳಾಸವೂ ಹೋಯಿತು. ಸಾಲಿಗೆ ಇಷ್ಟೇ ಸಂಖ್ಯೆ ಎಂಬ ನಿಯಮ ಇಲ್ಲದಿದ್ದರೆ ಎಲ್ಲ ಬೆಲೆಗಳನ್ನೂ ಒಂದೇ ಉದ್ದನೆಯ ಅರೇಯಲ್ಲಿಟ್ಟು, ಪ್ರತಿ ಸಾಲು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಇನ್ನೊಂದು ಅರೇಯಲ್ಲಿ ಇಟ್ಟರೆ ಸಾಕು.

ವೇಗದ ಬಗ್ಗೆ ಒಂದೇ ಮಾತು. ಇಡೀ ಫೈಲನ್ನು ಒಂದೇ ಸ್ಟ್ರಿಂಗ್ ಆಗಿ ತಂದು ಅದರ ಮೇಲೆ ಎಸ್‌ಸ್ಕ್ಯಾನ್‌ಎಫ್ (ಫೈಲಿನ ಬದಲು ಸ್ಟ್ರಿಂಗ್‌ನಿಂದ ಓದುವ ಫಂಕ್ಷನ್) ಮತ್ತೆ ಮತ್ತೆ ಕರೆಯಬೇಡಿ. ಬಹಳ ಲೈಬ್ರರಿಗಳಲ್ಲಿ ಅದು ಪ್ರತಿ ಕರೆಗೂ ಸ್ಟ್ರಿಂಗ್‌ನ ಕೊನೆಯವರೆಗೆ ಉದ್ದ ಅಳೆಯುತ್ತದೆ. 2021ರಲ್ಲಿ ಜಗತ್ತಿನಾದ್ಯಂತ ಆಡುವ ಒಂದು ಆನ್‌ಲೈನ್ ವಿಡಿಯೊ ಗೇಮ್ ಶುರುವಾಗಲು ನಿಮಿಷಗಟ್ಟಲೆ ಹಿಡಿಯುತ್ತಿದ್ದುದಕ್ಕೆ ಒಂದು ಮುಖ್ಯ ಕಾರಣ, ಸುಮಾರು 10 ಎಂಬಿ ಪಠ್ಯವನ್ನು ಹೀಗೆ ಓದುತ್ತಿದ್ದುದು ಎಂದು ಹೊರಗಿನ ಪ್ರೋಗ್ರಾಮರ್ ಒಬ್ಬರು ಪತ್ತೆ ಮಾಡಿದರು. ಇದನ್ನೂ ಜೊತೆಗಿದ್ದ ಇನ್ನೊಂದು ದೋಷವನ್ನೂ ಸರಿಪಡಿಸಿದಾಗ ಕಾಯುವ ಸಮಯ ಸುಮಾರು 70 ಶೇಕಡಾ ಇಳಿಯಿತು. ಒಂದೊಂದೇ ಚಿಕ್ಕ ಸಾಲಿನ ಮೇಲೆ ಎಸ್‌ಸ್ಕ್ಯಾನ್‌ಎಫ್ ಬಳಸಿದರೆ ಈ ತೊಂದರೆಯಿಲ್ಲ. ಸಾಲಿನ ರೂಪ ಖಚಿತವಿದ್ದರೆ, ಕೊನೆಗೆ ಪರ್ಸೆಂಟ್ ಎನ್ ಸೇರಿಸಿ ಎಲ್ಲಿಯವರೆಗೆ ಓದಿತು ಎಂದು ನೋಡಿಕೊಂಡರೆ, ಅದೂ ಒಪ್ಪುವ ಮಾತೇ.

ವಿದ್ಯಾರ್ಥಿಗಳು ತಮ್ಮ ಪ್ರೋಗ್ರಾಂ ಪರೀಕ್ಷಿಸಲು ಕೆಲವು ಚಿಕ್ಕ ಫೈಲುಗಳನ್ನು ಮಾಡಿಟ್ಟುಕೊಳ್ಳಲಿ: ಪೂರ್ತಿ ಖಾಲಿ ಫೈಲ್, ಕೊನೆಯಲ್ಲಿ ನ್ಯೂಲೈನ್ ಇಲ್ಲದ್ದು, ಬರೀ ಸ್ಪೇಸ್ ಇರುವ ಸಾಲು, ಹತ್ತು ಸಾವಿರ ಅಕ್ಷರದ ಒಂದೇ ಸಾಲು, ನಡುವೆ ಒಂದು ಪದ, ಕೊನೆಗೆ 13ರ ಬೈಟ್, ಡಬಲ್‌ನಲ್ಲಿ ಹಿಡಿಸದ ‘1ಇ400’ (ಹತ್ತರ 400ನೇ ಘಾತ). ಕಂಪೈಲ್ ಮಾಡುವಾಗ ಎಲ್ಲ ಎಚ್ಚರಿಕೆಗಳನ್ನೂ, ಅಡ್ರೆಸ್ ಸ್ಯಾನಿಟೈಜರನ್ನೂ (ಮೆಮೊರಿ ತಪ್ಪುಗಳನ್ನು ಹಿಡಿಯುವ ಸಾಧನ) ಚಾಲೂ ಮಾಡಲಿ. ಡಬಲ್‌ಗೆ ಪರ್ಸೆಂಟ್ ಎಫ್ ಕೊಟ್ಟು ಅದರ ಅರ್ಧ ಬೈಟ್‌ಗಳನ್ನು ಮಾತ್ರ ತುಂಬುವಂಥ ತಪ್ಪನ್ನು ಕಂಪೈಲರೇ ತೋರಿಸುತ್ತದೆ.

ಪಾಠಮಾಲೆಯ ಮುಂದಿನ ಕಂತಿನಲ್ಲಿ ಎಫ್‌ಇಒಎಫ್ ಲೂಪ್‌ಗೆ ತಿದ್ದುಪಡಿ ಹಾಕಿ, ಅದರ ಜಾಗದಲ್ಲಿ ಎಫ್‌ಗೆಟ್ಸ್ ಮತ್ತು ಸ್ಟ್ರ್‌ಟುಡಿ ಬಳಸಿದ ಒಂದು ಪೂರ್ತಿ ಉದಾಹರಣೆ ಪ್ರಕಟಿಸಬೇಕೆಂದು ಕೋರುತ್ತೇನೆ. ಅಂಕಣದ ಅಗಲ ಸಾಲದಿದ್ದರೆ ಆ ಒಂದು ದಿನ ಪದಬಂಧವನ್ನು ಕೊಂಚ ಚಿಕ್ಕದು ಮಾಡಿದರೂ ಓದುಗರು ಕ್ಷಮಿಸುತ್ತಾರೆ.

ಇಂತಿ,
ಪಾಠಮಾಲೆಯ ಓದುಗ, ಸಿ ಪ್ರೋಗ್ರಾಮರ್